ಗಾಲಿ ಮನೆಯಲ್ಲಿ ಬಂದ ಬೆಣಚುಕಲ್ಲು

ಭೂವಿಜ್ಞಾನ ಓದಿ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಆಗಾಗ ರಾಯಚೂರಿನ ನನ್ನ ಮನೆಗೆ ಬಂದು, "ಮೇಡಂ, ಫೀಲ್ಡ್ ಅಂದ್ರೆ ನಿಜವಾಗಿ ಹೆಂಗಿರ್ತದ?" ಎಂದು ಕೇಳುತ್ತಾರೆ. ನಿವೃತ್ತರನ್ನು ಹಾಗೆ ಕೇಳಬಾರದು. ಕೇಳಿದವರು ಎರಡು ಸಲ ಚಹಾ ಕುಡಿಯುವವರೆಗೂ ಏಳಲು ಬಿಡುವುದಿಲ್ಲ ನಾವು. ಅದಕ್ಕೇ ಬರೆದಿಡುತ್ತಿದ್ದೇನೆ, ಬೇಜಾರಾದವರು ಪುಟ ಮಗುಚಬಹುದು.

ಮೊದಲೇ ಒಂದು ಮಾತು. ಬಂಗಾರ ಹುಡುಕುವ ಕಂಪನಿಯಲ್ಲಿ ಇಡೀ ಆಯುಷ್ಯ ದುಡಿದೆ. ನಾನು ಕಂಡ ಬಂಗಾರದಲ್ಲಿ ಹೆಚ್ಚಿನದು ಸಾಹೇಬರ ಹೆಂಡಂದಿರ ಕೊರಳಲ್ಲಿತ್ತು. ಉಳಿದದ್ದೆಲ್ಲ ಕಲ್ಲು. ಕರಿಕಲ್ಲು, ಹಸಿರುಕಲ್ಲು, ಬೆಣಚುಕಲ್ಲು, ಮತ್ತು ಯಾವುದು ಎಂದು ಗೊತ್ತಾಗದೆ ಸಾಹೇಬರು ಹೇಳಿದ ಹೆಸರನ್ನೇ ಬರೆದ ಕಲ್ಲು.

ಕಾಲೇಜಿನಲ್ಲಿ ಹೇಳಿಕೊಡದ ಮೊದಲ ಪಾಠ, ಕಲ್ಲು ನೆಕ್ಕುವುದು. ಒದ್ದೆಯಾದ ಕಲ್ಲಿನಲ್ಲಿ ಕಣಗಳು ಚೆನ್ನಾಗಿ ಕಾಣುತ್ತವೆ. ದೇವದುರ್ಗದ ಬಿಸಿಲಿನಲ್ಲಿ ಬಾಟಲಿಯ ನೀರನ್ನು ಕಲ್ಲಿಗೆ ಸುರಿಯುವಷ್ಟು ಶ್ರೀಮಂತರು ಯಾರೂ ಇಲ್ಲ. ನಾಲಿಗೆಯೇ ಗತಿ. ನಾನು ಸುತ್ತಿಗೆಯಿಂದ ಒಡೆದು, ನೆಕ್ಕಿ, ಭೂತಗನ್ನಡಿ ಹಿಡಿದು ನೋಡುವುದನ್ನು ಜಾಲಹಳ್ಳಿಯ ಕಡೆಯ ಹೆಂಗಸರು ಮೂರು ದಿನ ದೂರದಿಂದ ನೋಡಿದರು. ನಾಲ್ಕನೇ ದಿನ ಒಬ್ಬ ಮುದುಕಿ ಮಡಿಲಲ್ಲಿ ಹುಣಸೆಹಣ್ಣು ಕಟ್ಟಿಕೊಂಡು ಬಂದಳು. "ಮಣ್ಣು ತಿನಬ್ಯಾಡ್ರೆವ್ವಾ, ಕೂಸಿಗೆ ಚಲೋದಲ್ಲ. ಬಾಯಿ ಬಯಸಿದ್ರ ಇದನ್ನ ಚೀಪ್ರಿ" ಅಂದಳು. ಆಗ ನನಗೆ ನಲವತ್ತೆಂಟು ವರ್ಷ, ಮದುವೆಯೂ ಆಗಿರಲಿಲ್ಲ. ಹುಣಸೆಹಣ್ಣು ಮಾತ್ರ ಚೆನ್ನಾಗಿತ್ತು.

ಆ ಮುದುಕಿಯ ಹೆಸರು ಸಂಗವ್ವ. ನಮ್ಮ ಕ್ಯಾಂಪಿನ ವಾಚ್‌ಮನ್ ಬಸಪ್ಪನ ತಾಯಿ. ಈ ಕಥೆಯೆಲ್ಲ ಅವಳದೇ. ಆದರೆ ಅದಕ್ಕೆ ಮೊದಲು ನಮ್ಮ ಗಾಲಿ ಮನೆಯ ವಿಷಯ ಹೇಳಬೇಕು.

ಹೆಣ್ಣುಮಗಳು ಡೇರೆಯಲ್ಲಿ ಹೇಗೆ ಮಲಗುತ್ತಾಳೆ ಎಂಬ ಪ್ರಶ್ನೆ ನನಗೆ ಎಂದೂ ಬಂದಿರಲಿಲ್ಲ, ಸಾಹೇಬರಿಗೆ ಬಂತು. ನಮ್ಮ ಸಾಹೇಬರು ಮೈಸೂರು ಕಡೆಯವರು. ಬಿಸಿಲು ಕಂಡರೆ ಜೀಪಿನ ಗಾಜು ಏರಿಸಿ, ಒಳಗಿನಿಂದಲೇ ಬೆರಳು ತೋರಿಸಿ "ಅಲ್ಲಿ ಕೊರೀರಿ" ಅನ್ನುವವರು. ಅವರು ಯಾವುದೋ ಗುಜರಿಯಿಂದ ಒಂದು ಕ್ಯಾರವಾನ್ ತರಿಸಿದರು. ಜೀಪಿನ ಹಿಂದೆ ಕಟ್ಟಿ ಎಳೆಯುವ ತಗಡಿನ ಮನೆ. ಎರಡು ಮಂಚ, ಒಂದು ಕಿಟಕಿ, ನೀರು ಬಾರದ ನಲ್ಲಿ, ಮತ್ತು ಒಂದು ಪುಟ್ಟ ಪಾಯಖಾನೆ. ಆ ಪಾಯಖಾನೆಯಲ್ಲಿ ಕೊನೆಯವರೆಗೂ ನಾವು ಕಲ್ಲಿನ ಚೀಲ ಇಟ್ಟೆವು, ಏಕೆಂದರೆ ಅದರ ಕೊಳವೆ ಎಲ್ಲಿಗೆ ಹೋಗುತ್ತದೆ ಎಂಬುದು ಯಾರಿಗೂ ಗೊತ್ತಾಗಲಿಲ್ಲ. ಮಧ್ಯಾಹ್ನ ಒಳಗೆ ಕೂತರೆ ರೊಟ್ಟಿ ಬೇಯುವಷ್ಟು ಕಾವು. ನಾನು ಹೊರಗೆ ಬೇವಿನ ಮರದ ಕೆಳಗೆ ಹೊರಸು ಹಾಕಿಕೊಂಡು ಮಲಗುತ್ತಿದ್ದೆ.

ಊರವರು ಅದಕ್ಕೆ ಗಾಲಿ ಮನಿ ಎಂದು ಹೆಸರಿಟ್ಟರು. ದೇವದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿದರೆ ಕಣ್ಣು ತಪಾಸಣೆಯ ಗಾಡಿ ಎಂದು ಮುದುಕರು ಪಾಳಿ ಹಚ್ಚುತ್ತಿದ್ದರು. ಒಮ್ಮೆ ಮಾನ್ವಿಯಲ್ಲಿ ಒಬ್ಬ ಹಿರಿಯರು ಹತ್ತಿರ ಬಂದು ಮೆಲ್ಲಗೆ, "ಯಾವ ಪಾರ್ಟೀದ್ರೀ ಇದು? ಸೀರಿ ಹಂಚೋದು ಯಾವಾಗ?" ಎಂದು ಕೇಳಿದರು. ಬಂಗಾರ ಹುಡುಕುವವರು ಎಂದರೆ ಯಾರೂ ನಂಬುತ್ತಿರಲಿಲ್ಲ. ನಮ್ಮ ಮುಖ ನೋಡಿದರೆ ನನಗೂ ನಂಬಿಕೆ ಬರುತ್ತಿರಲಿಲ್ಲ.

ಈ ಗಾಲಿ ಮನೆಯನ್ನು ಎಳೆಯುತ್ತಿದ್ದವನು ಮಹಬೂಬ್ ಸಾಬ್. ಜೀಪಿನ ಡ್ರೈವರ್, ಜೊತೆಗೆ ನನ್ನ ಸಹಾಯಕ. ರಾಯಚೂರಿನವನೇ, ನಲವತ್ತು ದಾಟಿದವನು, ಏಳನೆಯವರೆಗೆ ಉರ್ದು ಶಾಲೆಯಲ್ಲಿ ಕಲಿತಿದ್ದ. ಅವನಷ್ಟು ಅಚ್ಚುಕಟ್ಟಿನ ಮನುಷ್ಯನನ್ನು ನಾನು ಇಲಾಖೆಗಳಲ್ಲೂ ಕಂಪನಿಗಳಲ್ಲೂ ನೋಡಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ನನ್ನ ಕುತ್ತಿಗೆಗೆ ಬಂದದ್ದು ಅದೇ.

ಈಗಿನವರಿಗೆ ಕಂಪ್ಯೂಟರಿನಲ್ಲೇ ನೆಲದೊಳಗಿನ ಚಿತ್ರ ಬರುತ್ತದಂತೆ. ಬರಲಿ, ಸಂತೋಷ. ನಮ್ಮ ಕಾಲದಲ್ಲಿ ನಂಬುತ್ತಿದ್ದದ್ದು ಕೊರೆದು ತೆಗೆದ ಕಲ್ಲನ್ನು ಮಾತ್ರ. ಯಂತ್ರವನ್ನು ನೆಲಕ್ಕಿಳಿಸಿದರೆ ಕೊಳವೆಯೊಳಗಿಂದ ಉದ್ದನೆಯ ದುಂಡನೆಯ ಕಲ್ಲು ಬರುತ್ತದೆ, ನುಣ್ಣಗೆ, ಲಟ್ಟಣಿಗೆಯ ದಪ್ಪ. ಅದು ಗೇಣು, ಮೊಳದ ತುಂಡುಗಳಾಗಿ ಮುರಿದಿರುತ್ತದೆ. ಅವನ್ನು ಪೆಟ್ಟಿಗೆಗಳಲ್ಲಿ ಕ್ರಮವಾಗಿ ಜೋಡಿಸಿ, ನಡುನಡುವೆ ಮರದ ಚಿಕ್ಕ ತುಂಡಿನ ಮೇಲೆ ಆಳ ಬರೆದಿಡಬೇಕು. ಮೊದಲ ಪೆಟ್ಟಿಗೆಯಲ್ಲಿ ಮೇಲಿನ ಕಲ್ಲು, ಕೊನೆಯ ಪೆಟ್ಟಿಗೆಯಲ್ಲಿ ಆಳದ ಕಲ್ಲು. ಈ ಕ್ರಮ ತಪ್ಪಿತೋ, ಆ ಕಲ್ಲುಗಳು ಮನೆ ಕಟ್ಟಲಿಕ್ಕೂ ಬರುವುದಿಲ್ಲ.

ಮಹಬೂಬನಿಗೆ ಮೊದಲ ದಿನವೇ ಹೇಳಿಕೊಟ್ಟಿದ್ದೆ. "ಪುಸ್ತಕ ಓದಿದಂಗ ಸಾಲಾಗಿ ಇಡಬೇಕು ನೋಡಪಾ, ತಿಳೀತಿಲ್ಲೋ?"

"ತಿಳೀತ್ರಿ ಬಾಜಿ. ಕಿತಾಬ್ ಓದಿದಂಗ" ಅಂದಿದ್ದ. ಅಕ್ಕ ಎನ್ನುವ ಹಾಗೆ ನನ್ನನ್ನು ಬಾಜಿ ಎಂದೇ ಕರೆಯುತ್ತಿದ್ದ.

ಜಾಲಹಳ್ಳಿಯ ಹತ್ತಿರದ ಕೊನೆಯ ಬೋರು ಮುಗಿದ ದಿನ ಸಾಹೇಬರ ಫೋನು ಬಂತು. ಮರುದಿನವೇ ಪೋತ್ನಾಳದ ಕಡೆ ಹೊಸ ಕ್ಯಾಂಪ್ ಹಾಕಬೇಕು. "ಮೇಲಿನ ಬರಡು ಕಲ್ಲನ್ನೆಲ್ಲ ಹೊತ್ತುಕೊಂಡು ಬರಬೇಡಿ. ಮೊದಲ ನಾಲ್ಕು ಪೆಟ್ಟಿಗೆ ಖಾಲಿ ಮಾಡಿ, ಕೆಳಗಿನದು ಮಾತ್ರ ತನ್ನಿ" ಎಂದರು. ಪೆಟ್ಟಿಗೆಗಳು ನೆಲದ ಮೇಲೆ ಒಂದೇ ಸಾಲಿನಲ್ಲಿದ್ದವು. ಕೊರೆಯುವಾಗಿನ ಕೆಸರು ಮೆತ್ತಿ ಎಲ್ಲವೂ ಒಂದೇ ಬಣ್ಣ. ಮರದ ತುಂಡಿನ ಮೇಲಿನ ಅಂಕಿಗಳೂ ಕೆಸರಿನಡಿಯಲ್ಲಿ. ನಾನು ಫೋನು ಕಿವಿಗೆ ಹಿಡಿದುಕೊಂಡೇ ಎಡಗಡೆಯ ನಾಲ್ಕು ಪೆಟ್ಟಿಗೆಗಳನ್ನು ತೋರಿಸಿ, "ಇವಿಷ್ಟೂ ಸುರುವಿಬಿಡ್ರಿ" ಅಂದೆ. ತುಂಡುಗಳನ್ನು ಒರೆಸಿ ಓದಲು ಎರಡು ನಿಮಿಷ ಸಾಕಿತ್ತು. ಓದಲಿಲ್ಲ.

ಬಸಪ್ಪ ಮತ್ತು ಮಹಬೂಬ ಸುರುವಿದರು. ಸಂಗವ್ವ ಮಗನಿಗೆ ಬುತ್ತಿ ತಂದವಳು ಆ ಗುಡ್ಡೆಯ ಮುಂದೆ ಕೂತು ನೋಡಿದಳು.

"ಇವು ನಿಮಗ ಬ್ಯಾಡೇನ್ರಿ?"

"ಬ್ಯಾಡ ಯವ್ವಾ. ಬರೇ ಕಲ್ಲು. ಎಷ್ಟು ಬೇಕಾದ್ರೂ ಒಯ್ಯಿ" ಅಂದೆ, ದಾನಶೂರಳಂತೆ.

ಅವಳು ಒಂದೇ ಒಂದನ್ನು ಆರಿಸಿ ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಪೋತ್ನಾಳಕ್ಕೆ ಬಂದ ಎರಡನೇ ದಿನ ಸಾಹೇಬರು ಮತ್ತೆ ಫೋನು ಮಾಡಿದರು. ಯಂತ್ರ ನಡೆಸುವವನ ದಿನಚರಿ ಅವರ ಕೈ ಸೇರಿತ್ತು. ಬೋರಿನ ತೀರ ಕೆಳಗೆ ಬಿಳಿ ಬೆಣಚುಕಲ್ಲು ಬಂತು, ಅದರಲ್ಲಿ ಹಳದಿ ಹೊಳಪು ಕಂಡಿತು ಎಂದು ಅವನು ಬರೆದಿದ್ದ. ಹೊರಡುವ ಅವಸರದಲ್ಲಿ ಆಳ ಓದದೆಯೇ ನಾನು ಬರೆದು ಕಳಿಸಿದ ಪಟ್ಟಿಯಲ್ಲಿ ಬೆಣಚುಕಲ್ಲೇ ಇಲ್ಲ.

"ಎಲ್ಲಿ ಹೋಯ್ತು ಅದು? ಹೊಳೆಯೋ ಕಲ್ಲು ಅಂದ್ಮೇಲೆ ಕಾಲು ಬಂದಿರುತ್ತೆ. ಅಲ್ಲಿ ಯಾರಿದ್ರು?"

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹೆದರಿಕೆಗೆ ಬಾಯಿ ತಾನೇ ತೆರೆಯಿತು. "ವಾಚ್‌ಮನ್ ಬಸಪ್ಪ ಒಬ್ಬನೇ ಇದ್ದ ಸರ್" ಅಂದೆ. ಸುಳ್ಳೇನಲ್ಲ, ರಾತ್ರಿಯೆಲ್ಲ ಅವನೊಬ್ಬನೇ ಇರುತ್ತಿದ್ದ. ಆದರೆ ಯಾರ ಹೆಸರು ಹೇಳಿದರೆ ನನ್ನ ಹೆಸರು ಉಳಿಯುತ್ತದೆ ಎಂದು ನಾಲಿಗೆಗೆ ಚೆನ್ನಾಗಿ ಗೊತ್ತಿತ್ತು. ಸಾಹೇಬರು ಬಸಪ್ಪನನ್ನು ನಾಳೆಯೇ ರಾಯಚೂರು ಆಫೀಸಿಗೆ ಕರೆಸುವುದಾಗಿಯೂ, ಸಂಜೆಯೊಳಗೆ ಒಪ್ಪದಿದ್ದರೆ ಪೊಲೀಸರಿಗೆ ಒಪ್ಪಿಸುವುದಾಗಿಯೂ ಹೇಳಿ ಫೋನು ಇಟ್ಟರು.

ಅದೇ ಮಧ್ಯಾಹ್ನ ಮಹಬೂಬ ಉಳಿದ ಪೆಟ್ಟಿಗೆಗಳನ್ನು ಇಳಿಸಿ ಹೊಸ ಜಾಗದಲ್ಲಿ ಜೋಡಿಸುತ್ತಿದ್ದ. ಮೊದಲ ಪೆಟ್ಟಿಗೆಯನ್ನು ತನ್ನ ಬಲಗಡೆಗೆ ಇಟ್ಟ. ಎರಡನೆಯದನ್ನು ಅದರ ಎಡಕ್ಕೆ. ಮೂರನೆಯದನ್ನು ಅದರ ಎಡಕ್ಕೆ. ನಾನು ಕೈಯಲ್ಲಿದ್ದ ಮಿರ್ಚಿ ಭಜಿ ಹಾಗೇ ಹಿಡಿದು ನಿಂತೆ.

"ಮಹಬೂಬ್, ಬಲಗಡಿಂದ ಯಾಕ ಇಡಾಕತ್ತಿ?"

ಅವನು ತಲೆಯೆತ್ತಿ ನೋಡಿದ. "ಮತ್ತ ಎಲ್ಲಿಂದ ಇಡಬೇಕ್ರಿ? ಕಿತಾಬ್ ಓದಿದಂಗ ಅಂತ ನೀವಾ ಹೇಳಿದ್ದಲ್ರೀ ಬಾಜಿ?"

ಉರ್ದು ಪುಸ್ತಕ ಬಲದಿಂದ ಎಡಕ್ಕೆ ಓದಬೇಕು. ಇಷ್ಟು ಗೊತ್ತಿರಲಿಕ್ಕೆ ಭೂವಿಜ್ಞಾನ ಓದಬೇಕಿಲ್ಲ, ರಾಯಚೂರಿನಲ್ಲಿ ಹುಟ್ಟಿದ್ದರೆ ಸಾಕು. ನಾನು ಹುಟ್ಟಿದ್ದೂ ಅಲ್ಲೇ, ನಮ್ಮ ಓಣಿಯ ಅರ್ಧ ಅಂಗಡಿಗಳ ಬೋರ್ಡು ಉರ್ದುವಿನಲ್ಲೇ ಇದ್ದವು. ಜಾಲಹಳ್ಳಿಯಲ್ಲಿ ನಾನು ಸುರುವಿಸಿದ ಎಡಗಡೆಯ ಪೆಟ್ಟಿಗೆಗಳು ಮೊದಲಿನವಲ್ಲ, ಕೊನೆಯವು. ಬೆಣಚುಕಲ್ಲನ್ನು ಯಾರೂ ಕದ್ದಿರಲಿಲ್ಲ. ನಾನೇ ಎಸೆದು, ನಾನೇ ದಾನ ಮಾಡಿದ್ದೆ.

ಆಗಲೇ ಸಾಹೇಬರಿಗೆ ಫೋನು ಮಾಡಬಹುದಿತ್ತು. ಚೀಲದಲ್ಲೇ ಇತ್ತು ಫೋನು. ಆದರೆ ಕಲ್ಲನ್ನು ಸದ್ದಿಲ್ಲದೆ ತಂದು ಪೆಟ್ಟಿಗೆಯಲ್ಲಿಟ್ಟು, "ಸಿಕ್ಕಿತು ಸರ್, ಕೆಸರಿನಲ್ಲಿತ್ತು" ಅಂದುಬಿಟ್ಟರೆ ಬಸಪ್ಪನೂ ಉಳಿದ, ನಾನೂ ಉಳಿದೆ ಎಂದು ಲೆಕ್ಕ ಹಾಕಿದೆ. ನಾಚಿಕೆಯಾಗುತ್ತದೆ ಈಗ ಬರೆಯಲು.

ಮರುದಿನ ಬೆಳಗಿನ ಜಾವ ಜಾಲಹಳ್ಳಿಗೆ ಹೊರಡಬೇಕೆಂದರೆ ಗಾಲಿ ಮನೆ ಜೀಪಿನಿಂದ ಬಿಚ್ಚಿಕೊಳ್ಳಲಿಲ್ಲ. ಕೊಂಡಿ ತುಕ್ಕು ಹಿಡಿದು ಕೂತಿತ್ತು. ಮಹಬೂಬ ಸುತ್ತಿಗೆಯಿಂದ ಬಡಿದ, ಎಣ್ಣೆ ಹಾಕಿದ, ಬೈದ. ಕೊನೆಗೆ ಮನೆಯನ್ನೂ ಕಟ್ಟಿಕೊಂಡೇ ಹೊರಟೆವು. ಮಾನ್ವಿಯ ರೋಡ್ ಹಂಪುಗಳಲ್ಲಿ ಪಾತ್ರೆ ಪಗಡೆ ಉರುಳಿದವು. ಭತ್ತದ ಲಾರಿಗಳು ಹಿಂದಿನಿಂದ ಹಾರ್ನು ಹೊಡೆದು ಜೀವ ತಿಂದವು. ದೇವದುರ್ಗ ದಾಟುವ ಹೊತ್ತಿಗೆ ಬಿಸಿಲೇರಿತ್ತು. ದಾರಿಯುದ್ದಕ್ಕೂ ಮಹಬೂಬ ಒಂದೇ ಮಾತು. "ತಪ್ಪು ನಂದೇನ್ರಿ ಬಾಜಿ? ಹೇಳ್ರಿ, ನಂದೇನು?"

"ಇಲ್ಲಪಾ, ನಂದು."

"ಹಂಗಾದ್ರ ಸಾಹೇಬ್ರಿಗೂ ಹಂಗಾ ಹೇಳ್ರಿ ಮತ್ತ."

ನಾನು ಕಿಟಕಿಯಾಚೆ ನೋಡಿದೆ.

ಜಾಲಹಳ್ಳಿಯ ಹಳೆಯ ಜಾಗದಲ್ಲಿ ಗುಡ್ಡೆ ಹಾಗೇ ಬಿದ್ದಿತ್ತು, ಸ್ವಲ್ಪ ಕರಗಿತ್ತು. ಒಂದು ತುಂಡು ಯಾರದೋ ಬಾಗಿಲಿಗೆ ಒತ್ತಾಗಿ ನಿಂತಿತ್ತು. ಇನ್ನೊಂದರಿಂದ ಒಬ್ಬಾಕೆ ಅಂಗಳದಲ್ಲಿ ಒಣಮೆಣಸಿನಕಾಯಿ ಅರೆಯುತ್ತಿದ್ದಳು. ಕೋಟಿ ಕೋಟಿ ವರ್ಷದ ಕಲ್ಲಿಗೆ ಕೊನೆಗೂ ಒಂದು ಉದ್ಯೋಗ ಸಿಕ್ಕಿತ್ತು. ಬಿಳಿಯದು ಮಾತ್ರ ಎಲ್ಲೂ ಕಾಣಲಿಲ್ಲ.

ಸಂಗವ್ವನ ಮನೆಯ ಬಾಗಿಲಲ್ಲಿ ನಿಂತಾಗ ಅವಳು ಪೂಜೆಗೆ ಕೂತಿದ್ದಳು. ಗೋಡೆಯ ಮಾಡದಲ್ಲಿ ನನ್ನ ಬೆಣಚುಕಲ್ಲು ನೆಟ್ಟಗೆ ನಿಂತಿತ್ತು. ಕೆಸರು ತೊಳೆದು ಹಾಲಿನ ಬಣ್ಣ ಬಂದಿತ್ತು. ಮೂರು ಬೆರಳಿನ ವಿಭೂತಿ, ನೆತ್ತಿಯ ಮೇಲೆ ಒಂದು ಪತ್ರೆ, ಮುಂದೆ ಊದುಬತ್ತಿ. ಬೆಣಚುಕಲ್ಲಿನ ಬಗ್ಗೆ ನನಗೆ ಗೊತ್ತಿದ್ದ ಅಷ್ಟೂ ವಿದ್ಯೆ ಆ ಹೊಸ್ತಿಲಲ್ಲಿ ಕೈಕೊಟ್ಟಿತು.

"ಬರ್ರಿ ಬರ್ರಿ, ಕುಂದರ್ರಿ. ಬಸ್ಯಾನ ರಾಯಚೂರಿಗೆ ಕರದಾರಂತ, ಬಡತಿ ಕೊಡತಾರೇನ್ರಿ?" ಎಂದಳು.

ಮಗನಿಗೆ ಬಡ್ತಿ ಸಿಗುತ್ತದೆ ಎಂದುಕೊಂಡಿದ್ದ ತಾಯಿಯ ಮುಂದೆ ಕೂತು ನಾನು ಹೇಳಬೇಕಿತ್ತು. ಹೇಳಿದೆ. ಆ ಕಲ್ಲಿನಲ್ಲಿ ಬಂಗಾರ ಇರಬಹುದು, ಅದು ಕಾಣೆಯಾಗಿದೆ, ಬಸಪ್ಪ ಕದ್ದ ಅನ್ನುತ್ತಿದ್ದಾರೆ. ನಾನೇ ಕೊಟ್ಟದ್ದು ಎಂಬ ಮಾತನ್ನು ಮಾತ್ರ ಬಿಟ್ಟುಬಿಟ್ಟೆ. ಅದು ಅವಳಿಗೆ ಹೇಗೂ ಗೊತ್ತಿತ್ತು.

ಸಂಗವ್ವ ಎದ್ದು, ಮಡಿ ಬಟ್ಟೆ ಹಾಸಿ, ಕಲ್ಲಿಗೆ ಕೈಮುಗಿದು, ಸುತ್ತಿ ಎದೆಗವುಚಿಕೊಂಡಳು. ನಾನು ಕೈಚಾಚಿದೆ. ಕೊಡಲಿಲ್ಲ.

"ನಾನಾ ಬರ್ತೀನಿ. ನಡೀರಿ."

ಸದ್ದಿಲ್ಲದೆ ಪೆಟ್ಟಿಗೆಗೆ ಸೇರಿಸುವ ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು.

ಗಾಲಿ ಮನೆಯಲ್ಲಿ ಇಷ್ಟು ವರ್ಷಗಳಲ್ಲಿ ಹಾಯಾಗಿ ಮಲಗಿ ಪ್ರಯಾಣ ಮಾಡಿದ್ದು ಆ ಕಲ್ಲೊಂದೇ. ಸಂಗವ್ವ ಅದನ್ನು ಮಂಚದ ಮೇಲೆ ದಿಂಬಿಗೊರಗಿಸಿ, ತಾನು ಕೆಳಗೆ ತಗಡಿನ ಮೇಲೆ ಕೂತಳು. ನನ್ನ ಚಪ್ಪಲಿ ನೋಡಿ, "ದ್ಯಾವರು ಮಕ್ಕೊಂಡಾನ, ಹೊರಗ ಬಿಡ್ರಿ" ಅಂದಳು. ಜೀಪಿನವರೆಗೆ ನಡೆದು ಹೋಗಿ ಮಹಬೂಬನಿಗೂ ಹೇಳಿದಳು. "ನೀನೂ ಬಿಡಪಾ. ಎಳಿಯಾಂವ ನೀನಾ ಅಲ್ಲೇನು?"

ಮಹಬೂಬ ಚಪ್ಪಲಿ ಬಿಚ್ಚಿ ಸೀಟಿನಡಿ ಇಟ್ಟ. ಕಾದ ಬ್ರೇಕಿನ ಮೇಲೆ ಬರಿಗಾಲು ಇಟ್ಟು ರಾಯಚೂರಿನವರೆಗೂ ಓಡಿಸಿದ. ದೇವದುರ್ಗದಲ್ಲಿ ಮತ್ತೆ ಕಣ್ಣು ತಪಾಸಣೆಗೆಂದು ಮುದುಕರು ಅಡ್ಡ ಬಂದರು. ಒಬ್ಬ ಮುದುಕ ಬಾಗಿಲು ತೆಗೆದು ಒಳಗಿಣುಕಿ, ದಿಂಬಿನ ಮೇಲಿನ ವಿಭೂತಿ ಕಲ್ಲು ನೋಡಿ, ಕೈಮುಗಿದು ಬಾಗಿಲು ಮುಚ್ಚಿಕೊಂಡು ಹೋದ.

ರಾಯಚೂರು ಆಫೀಸಿನ ವರಾಂಡದಲ್ಲಿ ಬಸಪ್ಪ ಬೆಳಗಿನಿಂದ ನಿಂತಿದ್ದ. ಕುರ್ಚಿ ಇತ್ತು, ಕೂರು ಎಂದವರಿಲ್ಲ. ತಾಯಿಯನ್ನೂ ಅವಳ ಕೈಯಲ್ಲಿನ ಗಂಟನ್ನೂ ನೋಡಿ ಅವನ ಮುಖ ಬಿಳಿಚಿತು. ಕಲ್ಲು ಸಿಕ್ಕಿದ್ದು ಅವನ ಮನೆಯಲ್ಲೇ ಎಂದರೆ ಏನಾಗುತ್ತದೆ ಎಂದು ಅವನಿಗೆ ನನಗಿಂತ ಬೇಗ ಹೊಳೆದಿತ್ತು.

ಸಂಗವ್ವ ಯಾರನ್ನೂ ಕೇಳದೆ ಒಳಗೆ ಹೋಗಿ ಸಾಹೇಬರ ಮೇಜಿನ ಗಾಜಿನ ಮೇಲೆ ಗಂಟು ಬಿಚ್ಚಿದಳು. ಸಾಹೇಬರು ದೇವರಿಲ್ಲ, ದಿಂಡರಿಲ್ಲ ಎಂದು ಭಾಷಣ ಮಾಡುವವರು. ಕಲ್ಲು ಕಂಡದ್ದೇ ಕುರ್ಚಿಯಿಂದ ಎದ್ದು ನಿಂತರು. ಯಾಕೆ ಎದ್ದೆ ಎಂದು ಅವರಿಗೂ ಗೊತ್ತಾದ ಹಾಗಿರಲಿಲ್ಲ.

"ಇದು... ಅದೇನಾ? ನೋಡ್ರಿ ಮೇಡಂ" ಎಂದರು.

ನೋಡುವುದು ಎಂದರೆ ನನಗೆ ಒಂದೇ ದಾರಿ. ನಾಲಿಗೆಯವರೆಗೆ ಬಂದದ್ದನ್ನು ತಡೆದು, ಸಾಹೇಬರ ಕುಡಿಯುವ ನೀರಿನಲ್ಲಿ ಬೆರಳು ಅದ್ದಿ ಒಂದು ಬದಿ ಒರೆಸಿದೆ. ಬಿಳುಪಿನೊಳಗೆ ಹಳದಿ ಚುಕ್ಕೆಗಳು. ಅದೇ.

"ನೋಡಿದ್ರಾ, ಇವನ ಮನೇಲೇ ಇತ್ತು!" ಎಂದು ಸಾಹೇಬರು ಬಾಗಿಲ ಕಡೆ ಕೈ ತೋರಿಸಿದರು.

"ಯಪ್ಪಾ, ಸ್ವಲ್ಪ ತಡೀರಿ" ಅಂದಳು ಸಂಗವ್ವ. "ಇದರಾಗ ಬಂಗಾರ ಅದಂತ ನನಗ ಗೊತ್ತಿದ್ದಿಲ್ಲ. ದ್ಯಾವರು ಅಂತ ಒಯ್ದಿದ್ದೆ. ಬಂಗಾರ ಅಂತ ಗೊತ್ತಿದ್ರ ಮುಟ್ಟತಿದ್ದಿಲ್ಲ. ಬಂಗಾರ ಮನ್ಯಾಗ ಇಟ್ಕೊಂಡ್ರ ಬಡವರಿಗೆ ನಿದ್ದಿ ಬರತದೇನ್ರಿ? ತಗೋರಿ. ನನ್ನ ಮಗ ಕಳ್ಳಲ್ಲ ಅಂತ ಒಂದು ಮಾತು ಅವಗ ಹೇಳಿಬಿಡ್ರಿ. ಹೋಗತೀವಿ."

ಸಾಹೇಬರಿಗೆ ಈ ಮಾತು ಕಷ್ಟ. ಅವರು ಬಸಪ್ಪನನ್ನು ಒಳಗೆ ಕರೆದು, "ಹೋಗು, ನಾಳೆಯಿಂದ ಡ್ಯೂಟಿಗೆ ಬಾ" ಎಂದರು.

ಸಂಗವ್ವ ಕದಲಲಿಲ್ಲ. "ಅದಲ್ರಿ ನಾ ಹೇಳಿದ್ದು."

ಬಾಗಿಲಲ್ಲಿ ಮಹಬೂಬ ಬರಿಗಾಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ನಾನು ಹೇಳಿದೆ. ಪೆಟ್ಟಿಗೆ ಸುರುವಿಸಿದ್ದು ನಾನು. ಬಲದಿಂದ ಜೋಡಿಸಿದ್ದ ಸಾಲನ್ನು ಎಡದಿಂದ ಎಣಿಸಿ, ಆಳ ಓದದೆ ಸುರುವಿಸಿದೆ. ಈ ತಾಯಿಗೆ ಕಲ್ಲು ಒಯ್ಯಿ ಅಂದದ್ದೂ ನಾನೇ. ಬಸಪ್ಪನ ಹೆಸರು ಹೇಳಿದ್ದೂ ನಾನೇ.

ಸಾಹೇಬರು ನನಗೆ ಒಂದು ಬಾಗಿಲು ತೆರೆದು ಕೊಟ್ಟರು, ಪಾಪ. "ಜೋಡಿಸಿದವನು ಡ್ರೈವರ್ ಅಲ್ವಾ? ಉಲ್ಟಾ ಜೋಡಿಸಿದ್ದು ಅವನ ತಪ್ಪು ಅಂತ ಬರೆದುಕೊಡಿ, ಮುಗೀತು."

"ಅಂವ ನಾ ಹೇಳಿದಂಗ ಜೋಡಿಸ್ಯಾನ ಸರ್. ಓದೋದು ನನ್ನ ಕೆಲಸ. ನಾನಾ ಓದಿಲ್ಲ" ಅಂದೆ. ಸಿಟ್ಟಿಗೆ ನಮ್ಮ ರಾಯಚೂರಿನ ಮಾತೇ ಬಂದುಬಿಟ್ಟಿತು. ಮರುದಿನ ನನಗೆ ಮೆಮೊ ಬಂತು. ನನ್ನ ಬಡ್ತಿಗಳ ಬಗ್ಗೆ ಈ ಬರಹದಲ್ಲಿ ಯಾಕೆ ಏನೂ ಇಲ್ಲ ಎಂದು ಕೇಳುವವರಿಗೆ ಇಷ್ಟೇ ಉತ್ತರ. ಆ ಬೋರಿನಲ್ಲಿ ಬಂಗಾರ ಎಷ್ಟಿತ್ತು ಎಂದು ಕೇಳುವವರಿಗೆ, ಗಣಿ ತೋಡುವಷ್ಟು ಇರಲಿಲ್ಲ.

ಸಾಹೇಬರ ಕೋಣೆಯಲ್ಲೇ ಬಸಪ್ಪನ ಕಡೆ ತಿರುಗಿ, "ನೀ ಕಳ್ಳಲ್ಲ ಬಸಪ್ಪ. ತಪ್ಪು ನಂದು. ನಿನ್ನೆ ಮಧ್ಯಾಹ್ನನಾ ನನಗ ಗೊತ್ತಾಗಿತ್ತು" ಅಂದೆ.

ಅವನು ತಲೆ ತಗ್ಗಿಸಿಯೇ ಇದ್ದ. "ನಿನ್ನೇನಾ ಗೊತ್ತಾಗಿತ್ತಂದ್ರ ಒಂದು ಫೋನ್ ಮಾಡಬೇಕಿತ್ರಿ ಮೇಡಮ್ಮಾರ. ಮುಂಜಾನಿಂದ ಎಲ್ರೂ ನನ್ನ ಮಾರಿ ನೋಡಿ ಹೋಗಾಕತ್ತಾರ್ರಿ" ಎಂದ.

ಸಂಗವ್ವ ಖಾಲಿ ಬಟ್ಟೆಯನ್ನು ಮಡಿಸದೆ ಕೈಯಲ್ಲೇ ಹಿಡಿದಿದ್ದಳು.

"ಮತ್ತೇನು?" ಎಂದರು ಸಾಹೇಬರು.

"ಮಾಡ ಖಾಲಿ ಆತಲ್ರೀ ಯಪ್ಪಾ. ಇನ್ನೊಂದು ಕೊಡ್ರಿ. ಬಂಗಾರ ಇಲ್ಲದ್ದು ನೋಡಿ ಕೊಡ್ರಿ, ಮತ್ತ ಯಾರೂ ಕೇಳಾಕ ಬರಬಾರದು."

ಹಿಂದಿನ ಶೆಡ್ಡಿನಲ್ಲಿ ನಮ್ಮ ಕಂಪನಿಯ ಇಷ್ಟು ವರ್ಷದ ಪೆಟ್ಟಿಗೆಗಳು ಸೂರಿನವರೆಗೂ ಪೇರಿಸಿದ್ದವು. ಬಂಗಾರ ಎಲ್ಲಿದೆ ಎಂದು ಜೀವನವಿಡೀ ಕೇಳಿಸಿಕೊಂಡು ಒಮ್ಮೆಯೂ ನೆಟ್ಟಗೆ ಉತ್ತರ ಕೊಡಲಾಗದ ನನ್ನನ್ನು, ನಾನು ಖಂಡಿತವಾಗಿ ಕೊಡಬಲ್ಲ ವಸ್ತು ಕೇಳಿದವಳು ಅವಳೊಬ್ಬಳೇ. ಒಂದು ಪೆಟ್ಟಿಗೆ ಇಳಿಸಿದೆ. ಅಂಕಿಗಳ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಎಡದಿಂದ ಒಮ್ಮೆ ಓದಿದೆ, ಬಲದಿಂದ ಒಮ್ಮೆ ಓದಿದೆ, ಮಹಬೂಬನನ್ನು ಕರೆದು ಅವನಿಂದಲೂ ಓದಿಸಿದೆ. ಆಮೇಲೆ ಒಂದು ನುಣ್ಣನೆಯ ಕರಿಕಲ್ಲನ್ನು ಎತ್ತಿ ಅವಳ ಕೈಗೆ ಕೊಟ್ಟು, "ಇದರಾಗ ಏನೂ ಇಲ್ಲ ಯವ್ವಾ, ನನ್ನಾಣಿ" ಅಂದೆ.